ಹಳೇ ಕಾರು ಕೊಟ್ಟು ಬೇರೆ ತಗೊಂಡಾಗ ಇನ್ಶೂರೆನ್ಸ್ ಬದಲಿಸುವುದು ಹೇಗೆ? ಕೈ ಬಿಗಿ ಇರುವವರಿಗೆ ಸಮಗ್ರ ಮಾರ್ಗದರ್ಶಿ

ಕಾರು ಬದಲಿಸುವಾಗ ನಮ್ಮ ಚೌಕಾಸಿಯೆಲ್ಲ ಕಾರಿನ ಬೆಲೆಯ ಮೇಲೆ. ಎರಡು ಸಾವಿರಕ್ಕೆ ಅರ್ಧ ಗಂಟೆ ಜಗ್ಗಾಡುತ್ತೇವೆ. ಅದೇ ದಿನ ಇನ್ಶೂರೆನ್ಸ್ ಮಾತು ಬಂದರೆ, "ಅದನ್ನ ನಾವೇ ಮಾಡಿಸಿಕೊಡ್ತೀವಿ ಸರ್" ಎಂದವರಿಗೆ ತಲೆಯಾಡಿಸಿ ಸಹಿ ಹಾಕುತ್ತೇವೆ. ಜಗ್ಗಾಡಿ ಉಳಿಸಿದ್ದು ಅಲ್ಲೇ ಸದ್ದಿಲ್ಲದೆ ಹೋಗಿರುತ್ತದೆ.

ದುಡ್ಡು ಕಮ್ಮಿ ಇದ್ದಾಗ ಜಾಸ್ತಿ ಜನ ಮೊದಲು ಕತ್ತರಿ ಹಾಕುವುದು ಪಾಲಿಸಿಗೆ. ಫುಲ್ ಇನ್ಶೂರೆನ್ಸ್ ಬೇಡ, ಬರೀ ಥರ್ಡ್ ಪಾರ್ಟಿ ಸಾಕು ಅಂತ. ನನ್ನ ಅನುಭವದಲ್ಲಿ ಅದಕ್ಕಿಂತ ಮೊದಲು ನೋಡಬೇಕಾದ್ದು ಕೆಲಸದ ಕ್ರಮ. ಯಾವ ಕಾಗದ ಮೊದಲು, ಯಾವುದು ಆಮೇಲೆ, ಯಾವ ತಾರೀಖಿಗೆ ಏನು. ಕ್ರಮ ಸರಿ ಇದ್ದರೆ ರಕ್ಷಣೆ ಕಡಿಮೆ ಮಾಡದೆಯೇ ಸಾವಿರಗಟ್ಟಲೆ ಉಳಿಯುತ್ತದೆ. ಸ್ವಂತ ಬಳಕೆಯ ಬಿಳಿ ಬೋರ್ಡ್ ಕಾರುಗಳ ಬಗ್ಗೆ ಮಾತ್ರ ಇಲ್ಲಿ ಹೇಳುತ್ತೇನೆ. ಹಳದಿ ಬೋರ್ಡ್ ಲೆಕ್ಕ ಬೇರೆ.

ಮೊದಲು ಹಳೇ ಪಾಲಿಸಿ ತೆಗೆದು ಓದಿ

ಪಾಲಿಸಿಯ ಮೊದಲ ಪುಟ ಸಾಕು. ಅದರಲ್ಲಿ ಪ್ರೀಮಿಯಂ ಎರಡು ಕಾಲಂನಲ್ಲಿರುತ್ತದೆ. ಒಂದು ಕಡೆ ಓನ್ ಡ್ಯಾಮೇಜ್, ಅಂದರೆ ಓಡಿ: ನಿಮ್ಮ ಕಾರಿಗೆ ಆಗುವ ನಷ್ಟಕ್ಕೆ, ಕಳ್ಳತನಕ್ಕೆ. ಇನ್ನೊಂದು ಕಡೆ ಥರ್ಡ್ ಪಾರ್ಟಿ: ನಿಮ್ಮ ಕಾರಿನಿಂದ ಬೇರೆಯವರಿಗೆ ಆಗುವ ನಷ್ಟಕ್ಕೆ. ಈ ಎರಡನ್ನು ಬೇರೆ ಬೇರೆ ನೋಡುವುದು ಅಭ್ಯಾಸವಾದರೆ ಮುಂದಿನದೆಲ್ಲ ಸುಲಭ.

ಥರ್ಡ್ ಪಾರ್ಟಿ ದರ ಸರ್ಕಾರ ನಿಗದಿ ಮಾಡುತ್ತದೆ. ಅಲ್ಲಿ ಚೌಕಾಸಿ ಇಲ್ಲ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯ ಪ್ರಕಾರ ಖಾಸಗಿ ಕಾರಿಗೆ ವರ್ಷಕ್ಕೆ 1000 ಸಿಸಿವರೆಗೆ 2,094 ರೂಪಾಯಿ, 1000ದಿಂದ 1500 ಸಿಸಿಗೆ 3,416, ಅದಕ್ಕಿಂತ ದೊಡ್ಡ ಎಂಜಿನ್‌ಗೆ 7,897. ಓಡಿ ಹಾಗಲ್ಲ. 2007ರಿಂದ ಆ ದರ ಕಂಪನಿಗಳಿಗೆ ಬಿಟ್ಟದ್ದು. ಒಂದೇ ಕಾರಿಗೆ ಒಂದೊಂದು ಕಂಪನಿ ಒಂದೊಂದು ರೇಟು ಹೇಳುವುದು ಇದಕ್ಕೇ. ನಿಮ್ಮ ಉಳಿತಾಯ ಇರುವುದೂ ಇಲ್ಲೇ.

ಈಗ ಪೆನ್ನು ತಗೊಂಡು ಪಾಲಿಸಿಯಿಂದ ನಾಲ್ಕು ವಿಷಯ ಬರೆದುಕೊಳ್ಳಿ: ಓಡಿ ಮುಗಿಯುವ ದಿನ, ಥರ್ಡ್ ಪಾರ್ಟಿ ಮುಗಿಯುವ ದಿನ, ಎನ್‌ಸಿಬಿ (ಕ್ಲೇಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ) ಎಷ್ಟು ಪರ್ಸೆಂಟ್, ಈ ಅವಧಿಯಲ್ಲಿ ಕ್ಲೇಮ್ ಮಾಡಿದ್ದೀರಾ ಇಲ್ಲವಾ. ಮೊದಲಿನ ಎರಡು ದಿನ ಒಂದೇ ಆಗಿರಬೇಕು ಅಂತೇನಿಲ್ಲ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಒಟ್ಟಿಗೇ ತಗೊಳ್ಳುವುದು ಕಡ್ಡಾಯ. ಹಾಗಾಗಿ ಓಡಿ ಮುಗಿದರೂ ಥರ್ಡ್ ಪಾರ್ಟಿ ಇನ್ನೂ ಓಡುತ್ತಿರಬಹುದು.

ಎನ್‌ಸಿಬಿ ನಿಮ್ಮದು, ಕಾರಿನದ್ದಲ್ಲ

ಕ್ಲೇಮ್ ಇಲ್ಲದೆ ವರ್ಷ ಕಳೆದರೆ ಸಿಗುವ ರಿಯಾಯಿತಿಗೆ ಎನ್‌ಸಿಬಿ ಎನ್ನುತ್ತಾರೆ, ನೋ ಕ್ಲೇಮ್ ಬೋನಸ್. ಒಂದು ವರ್ಷಕ್ಕೆ 20 ಪರ್ಸೆಂಟ್, ಎರಡಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದು ವರ್ಷಕ್ಕೆ 50. ಆಮೇಲೆ ಅಲ್ಲೇ ನಿಲ್ಲುತ್ತದೆ. ಇದು ಓಡಿ ಪ್ರೀಮಿಯಂ ಮೇಲೆ ಮಾತ್ರ. ಥರ್ಡ್ ಪಾರ್ಟಿಗೆ ಅನ್ವಯಿಸುವುದಿಲ್ಲ.

ಈ ಬೋನಸ್ ಮಾಲೀಕನ ಜೊತೆ ಹೋಗುತ್ತದೆ, ಕಾರಿನ ಜೊತೆ ಅಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಜನ ಐದು ವರ್ಷದ 50 ಪರ್ಸೆಂಟನ್ನು ಹಳೇ ಕಾರಿನ ಜೊತೆಗೇ ಬಿಟ್ಟುಬಿಡುತ್ತಾರೆ. ಕೊಂಡವರಿಗೂ ಅದು ದಕ್ಕುವುದಿಲ್ಲ. ಸುಮ್ನೆ ಹಾಳು.

ಅದನ್ನು ಕಾಗದದ ಮೇಲೆ ತರಿಸಿಕೊಳ್ಳಬೇಕು. ಎನ್‌ಸಿಬಿ ಸರ್ಟಿಫಿಕೇಟ್, ಎನ್‌ಸಿಬಿ ರಿಟೆನ್ಷನ್ ಲೆಟರ್, ರಿಸರ್ವಿಂಗ್ ಲೆಟರ್, ಹೀಗೆ ಒಂದೊಂದು ಕಂಪನಿ ಒಂದೊಂದು ಹೆಸರಲ್ಲಿ ಕೊಡುತ್ತದೆ. ಹಳೇ ಕಾರು ಮಾರಿದ ಪುರಾವೆ, ಪಾಲಿಸಿ ಪ್ರತಿ, ಒಂದು ಅರ್ಜಿ ಕೊಟ್ಟು ಹಳೇ ಕಂಪನಿಯಿಂದ ಪಡೆಯಬೇಕು. ಈಮೇಲ್‌ನಲ್ಲೇ ಕೇಳಿ, ಬರಹದಲ್ಲಿ ಇರಲಿ. ಹಿಂದಿನ ಪಾಲಿಸಿ ಮುಗಿದ ಮೂರು ವರ್ಷದೊಳಗೆ ಹೊಸ ಪಾಲಿಸಿ ತಗೊಂಡರೆ ಈ ಬೋನಸ್ ಬಳಸಬಹುದು. ಅಂದರೆ ಇವತ್ತು ಕಾರು ಮಾರಿ, ದುಡ್ಡು ಹೊಂದಿಸಿಕೊಂಡು ಒಂದೂವರೆ ವರ್ಷ ಬಿಟ್ಟು ಬೇರೆ ಕಾರು ತಗೊಂಡರೂ ಚಿಂತೆಯಿಲ್ಲ. ಹೊಸ ಪಾಲಿಸಿಗೆ ಹಳೇ ಕಂಪನಿಗೇ ಹೋಗಬೇಕು ಅಂತಲೂ ಇಲ್ಲ.

ಕೆಲವು ಮಿತಿಗಳಿವೆ. ಕಾರಿನ ಬೋನಸ್ ಕಾರಿಗೇ, ಬೈಕಿಗೆ ಬರುವುದಿಲ್ಲ. ಒಂದು ಬೋನಸ್ ಒಂದೇ ಗಾಡಿಗೆ. ಹಳೇ ಕಾರನ್ನು ನಿಮ್ಮ ಹೆಸರಲ್ಲೇ ಇಟ್ಟುಕೊಂಡು ಅದರ ಬೋನಸ್ಸನ್ನು ಹೊಸದಕ್ಕೆ ಸಾಗಿಸಲು ಆಗುವುದಿಲ್ಲ. ಅಪ್ಪನ ಹೆಸರಿನ ಕಾರು ಮಾರಿ ಮಗನ ಹೆಸರಲ್ಲಿ ತಗೊಂಡರೂ ಬರುವುದಿಲ್ಲ. ಮಾಲೀಕರು ತೀರಿಕೊಂಡು ಕಾರು ವಾರಸುದಾರರಿಗೆ ಬಂದಾಗ ಮಾತ್ರ ಬೋನಸ್ಸೂ ಜೊತೆಗೆ ಬರುತ್ತದೆ. ಹಾಗಾಗಿ ಹೊಸ ಕಾರು ಯಾರ ಹೆಸರಿಗೆ ಎಂದು ಮನೆಯಲ್ಲಿ ತೀರ್ಮಾನಿಸುವಾಗ, ಎನ್‌ಸಿಬಿ ಯಾರ ಹೆಸರಲ್ಲಿದೆ ಅಂತಲೂ ನೋಡಿ.

ಬೋನಸ್ ಲೆಕ್ಕ ಹಾಕುವುದು ಪೂರ್ತಿ ಹನ್ನೆರಡು ತಿಂಗಳಿಗೆ. ಪಾಲಿಸಿಯಲ್ಲಿ ಈಗ 35 ಇದ್ದು, ಹನ್ನೊಂದನೇ ತಿಂಗಳಲ್ಲಿ ಕ್ಯಾನ್ಸಲ್ ಮಾಡಿದರೆ ಸರ್ಟಿಫಿಕೇಟ್‌ನಲ್ಲಿ 35ಕ್ಕೇ ನಿಲ್ಲುತ್ತದೆ. ಇನ್ನೊಂದು ತಿಂಗಳು ತಡೆದು ಪಾಲಿಸಿ ತಾನಾಗಿ ಮುಗಿಯಲು ಬಿಟ್ಟರೆ 45. ಕೊಳ್ಳುವವರು ಒಪ್ಪುವ ಹಾಗಿದ್ದರೆ ಮಾರಾಟವನ್ನು ಕೆಲವು ವಾರ ಮುಂದೆ ಹಾಕುವುದೇ ಲಾಭ.

ಏಜೆಂಟ್ ಒಬ್ಬರು "50 ಹಾಕಿಬಿಡೋಣ, ಯಾರು ನೋಡ್ತಾರೆ" ಎಂದರೆ ಅಲ್ಲಿಂದ ಎದ್ದು ಬನ್ನಿ. ಕಂಪನಿಗಳು ಹಿಂದಿನ ಕಂಪನಿಯನ್ನು ಕೇಳಿ ತಾಳೆ ನೋಡುತ್ತವೆ. ಇಲ್ಲದ ಬೋನಸ್ ತೋರಿಸಿದ್ದು ಕ್ಲೇಮ್ ಸಮಯದಲ್ಲಿ ಹೊರಬಂದರೆ ನಿಮ್ಮ ಓಡಿ ಕ್ಲೇಮೇ ಬಿದ್ದುಹೋಗಬಹುದು. ಆಗ ಏಜೆಂಟ್ ಫೋನ್ ಎತ್ತುವುದಿಲ್ಲ.

ಯಾವ ದಾರಿ ಹಿಡಿಯೋದು?

ಹಳೇ ಪಾಲಿಸಿಯನ್ನು ಮೂರು ರೀತಿಯಲ್ಲಿ ಮುಗಿಸಬಹುದು.

ಮೊದಲನೆಯದು ಹೆಚ್ಚು ಜನ ಕೇಳದೇ ಇರುವಂಥದ್ದು: ಅದೇ ಪಾಲಿಸಿಯಲ್ಲಿ ಗಾಡಿಯನ್ನೇ ಬದಲಿಸುವುದು. ಒಂದೇ ವರ್ಗದ ವಾಹನವಾದರೆ ಉಳಿದ ಅವಧಿಗೆ ಹಳೇ ಕಾರಿನ ಜಾಗದಲ್ಲಿ ಹೊಸ ಕಾರನ್ನು ಸೇರಿಸಲು ಮೋಟಾರ್ ಟ್ಯಾರಿಫ್, ಅಂದರೆ ವಾಹನ ವಿಮೆಯ ದರ-ಷರತ್ತುಗಳ ನಿಯಮಾವಳಿಯಲ್ಲೇ ಅವಕಾಶವಿದೆ. ಪ್ರೀಮಿಯಂ ವ್ಯತ್ಯಾಸವನ್ನು ದಿನಗಳ ಲೆಕ್ಕದಲ್ಲಿ ಕಟ್ಟಬೇಕು. ವರ್ಷಕ್ಕೆ 2,400 ರೂಪಾಯಿ ವ್ಯತ್ಯಾಸ ಇದ್ದು, ಐದು ತಿಂಗಳು ಉಳಿದಿದ್ದರೆ ಕಟ್ಟಬೇಕಾದ್ದು 1,000 ಮತ್ತು ಅದರ ಮೇಲಿನ ಜಿಎಸ್‌ಟಿ. ಈ ತಿಂಗಳು ಕೈಯಲ್ಲಿ ದುಡ್ಡಿಲ್ಲ ಅನ್ನುವವರಿಗೆ ಇದು ಒಳ್ಳೆಯ ದಾರಿ. ಆದರೆ ಹಳೇ ಕಾರಿಗೆ ಬೇರೆ ಇನ್ಶೂರೆನ್ಸ್ ಇದೆ ಎನ್ನುವುದಕ್ಕೆ ಪುರಾವೆ ಕೇಳುತ್ತಾರೆ. ಅಂದರೆ ನಿಮ್ಮ ಕಾರು ಕೊಂಡವರು ಮೊದಲು ತಮ್ಮ ಹೆಸರಲ್ಲಿ ಪಾಲಿಸಿ ಮಾಡಿಸಿರಬೇಕು. ಅವರು ಒಪ್ಪಿದರೆ ಸರಿ. ಕಾಲ್ ಸೆಂಟರ್‌ನವರಿಗೆ ಈ ವಿಷಯ ಗೊತ್ತಿರುವುದು ಕಡಿಮೆ. ಬ್ರಾಂಚ್‌ಗೆ ಹೋಗಿ ವಾಹನ ಬದಲಿ ಎಂಡಾರ್ಸ್‌ಮೆಂಟ್ (ಪಾಲಿಸಿಯಲ್ಲಿ ತಿದ್ದುಪಡಿ) ಬೇಕು ಎಂದು ಕೇಳಿ.

ಎರಡನೆಯದು: ಹಳೇ ಪಾಲಿಸಿ ಕ್ಯಾನ್ಸಲ್ ಮಾಡಿ, ಉಳಿದ ಹಣ ವಾಪಸ್ ತಗೊಂಡು, ಎನ್‌ಸಿಬಿ ಸರ್ಟಿಫಿಕೇಟ್ ಇಟ್ಟುಕೊಂಡು, ಹೊಸ ಕಾರಿಗೆ ಬೇರೆ ಪಾಲಿಸಿ ಮಾಡುವುದು. 2024ರ ಜೂನ್‌ನಲ್ಲಿ ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಹೊರಡಿಸಿದ ಸುತ್ತೋಲೆಯ ಪ್ರಕಾರ ಗ್ರಾಹಕರು ಕಾರಣ ಹೇಳದೆಯೇ ಪಾಲಿಸಿ ಕ್ಯಾನ್ಸಲ್ ಮಾಡಬಹುದು. ಒಂದು ವರ್ಷದ ಪಾಲಿಸಿಯಾಗಿದ್ದು, ಆ ಅವಧಿಯಲ್ಲಿ ಕ್ಲೇಮ್ ಆಗಿಲ್ಲದಿದ್ದರೆ ಬಾಕಿ ದಿನಗಳ ಪ್ರೀಮಿಯಂ ವಾಪಸ್ ಬರಬೇಕು. ಥರ್ಡ್ ಪಾರ್ಟಿ ಭಾಗಕ್ಕೆ ಮಾತ್ರ ಷರತ್ತು ಇದೆ: ರಸ್ತೆಯಲ್ಲಿ ಓಡುವ ಕಾರು ಇನ್ಶೂರೆನ್ಸ್ ಇಲ್ಲದೆ ಇರುವಂತಿಲ್ಲ, ಹಾಗಾಗಿ ಆ ಕಾರಿಗೆ ಬೇರೆ ಪಾಲಿಸಿ ತೋರಿಸಬೇಕು.

ಮೂರನೆಯದು: ಪಾಲಿಸಿಯನ್ನು ಕೊಳ್ಳುವವರ ಹೆಸರಿಗೆ ವರ್ಗಾಯಿಸುವುದು. ಮೂರು ವರ್ಷದ ಥರ್ಡ್ ಪಾರ್ಟಿ ಇನ್ನೂ ಬಾಕಿ ಇದ್ದರೆ ಅದು ಹೇಗೂ ಕಾರಿನ ಜೊತೆ ಹೋಗುವಂಥದ್ದು. ಬಾಕಿ ಇರುವ ತಿಂಗಳುಗಳನ್ನು ಮಾರಾಟದ ಬೆಲೆಯಲ್ಲಿ ಸೇರಿಸಿ ಕೇಳಿ. ನೀವು ಕೊಟ್ಟ ದುಡ್ಡದು, ಕೇಳಲು ಸಂಕೋಚ ಯಾಕೆ?

ಅಪಘಾತದಲ್ಲಿ ಕಾರು ಪೂರ್ತಿ ಹೋಗಿ ಅಥವಾ ಕಳುವಾಗಿ ಕ್ಲೇಮ್ ತಗೊಂಡವರಿಗೆ ಈ ಯಾವ ದಾರಿಯಲ್ಲೂ ಬೋನಸ್ ಉಳಿಯುವುದಿಲ್ಲ. ಅವರು ನೇರವಾಗಿ ಹೊಸ ಪಾಲಿಸಿಯ ರೇಟು ಹೋಲಿಸುವ ಕೆಲಸಕ್ಕೆ ಹೋಗಬಹುದು.

ಹಳೇ ಕಾರು ಕೈಬಿಡುವ ದಿನ

ಕೀಲಿ ಕೊಡುವ ಮುಂಚೆ ಫಾರಂ 29ಕ್ಕೆ ಸಹಿ ಆಗಿರಬೇಕು. ಅದು ಮಾರಿದವರು ಆರ್‌ಟಿಒಗೆ ಕೊಡುವ ತಿಳಿವಳಿಕೆ. ಫಾರಂ 30 ಹೆಸರು ಬದಲಾವಣೆಯ ಅರ್ಜಿ. ರಾಜ್ಯದೊಳಗೆ ಮಾರಿದರೆ ನೀವು 14 ದಿನದೊಳಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ಅರ್ಜಿ ಹಾಕಬೇಕು. ಬೇರೆ ರಾಜ್ಯಕ್ಕೆ ಹೋಗುವ ಕಾರಾದರೆ ಫಾರಂ 28ರ ಎನ್‌ಒಸಿ ಬೇಕು. ಸಾಲ ಇದ್ದ ಕಾರಾದರೆ ಫಾರಂ 35 ಕೊಟ್ಟು ಆರ್‌ಸಿಯಲ್ಲಿನ ಬ್ಯಾಂಕಿನ ಹೆಸರು ತೆಗೆಸಿ.

ಸಹಿ ಹಾಕಿದ ಖಾಲಿ ಫಾರಂ ಕೊಟ್ಟು ಬಂದುಬಿಡುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಬೇಡ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಕಾನೂನಿನ ಕಣ್ಣಲ್ಲಿ ಅವರೇ ಮಾಲೀಕರು. ಕಾರು ಕೈ ಬದಲಾಗಿ ಎಷ್ಟು ದಿನವಾಗಿದ್ದರೂ ಅಪಘಾತದ ಪರಿಹಾರದ ಹೊಣೆ ಆರ್‌ಸಿ ಹೆಸರಿನವರದ್ದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೆಸರು ಬದಲಾಗದ ಕಾರಿನ ಪಾಲಿಸಿಯನ್ನು ಆತುರದಲ್ಲಿ ಕ್ಯಾನ್ಸಲ್ ಮಾಡಿಸಿಬಿಟ್ಟರೆ ಇನ್ನೂ ಅಪಾಯ: ಕಾರು ನಿಮ್ಮ ಹೆಸರಲ್ಲಿ, ಇನ್ಶೂರೆನ್ಸ್ ಇಲ್ಲ, ಓಡಿಸುತ್ತಿರುವವರು ಬೇರೆಯವರು. ಅದಕ್ಕೇ ಕ್ರಮ ಹೀಗಿರಲಿ: ಮೊದಲು ಆರ್‌ಸಿ ಹೆಸರು ಬದಲಾವಣೆ, ಕೊಂಡವರ ಪಾಲಿಸಿ, ಆಮೇಲೆ ನಿಮ್ಮ ಕ್ಯಾನ್ಸಲೇಷನ್.

ಡೀಲರ್‌ಗೆ ಮಾರುವುದಾದರೆ ಅವರು ಆರ್‌ಟಿಒ ಮಾನ್ಯತೆ ಪಡೆದವರಾ ಎಂದು ಕೇಳಿ. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮದಂತೆ ಮಾನ್ಯತೆ ಇರುವ ಡೀಲರ್‌ಗೆ ಕಾರು ಕೊಟ್ಟದ್ದನ್ನು ಫಾರಂ 29ಸಿ ಮೂಲಕ ಪೋರ್ಟಲ್‌ನಲ್ಲಿ ತಿಳಿಸಬಹುದು. ಅಲ್ಲಿಂದ ಮುಂದೆ ಹೊಣೆ ಡೀಲರ್‌ದು.

ಕೈಬರಹದಲ್ಲಿ ಒಂದು ಡೆಲಿವರಿ ನೋಟ್ ಕೂಡ ಮಾಡಿಕೊಳ್ಳಿ. ತಾರೀಖು, ಗಂಟೆ ಮತ್ತು ನಿಮಿಷ, ಓಡೋಮೀಟರ್ ರೀಡಿಂಗ್, ಇಬ್ಬರ ಸಹಿ, "ಈ ಗಂಟೆಯಿಂದ ಮುಂದೆ ಬರುವ ದಂಡ, ಅಪಘಾತದ ಹೊಣೆ ಕೊಂಡವರದ್ದು" ಎಂಬ ಸಾಲು. ಇದು ಆರ್‌ಸಿ ವರ್ಗಾವಣೆಯ ಬದಲಿಗೆ ಅಲ್ಲ. ಆದರೆ ಎನ್‌ಸಿಬಿ ಸರ್ಟಿಫಿಕೇಟ್ ಕೇಳುವಾಗ ಮಾರಾಟದ ಪುರಾವೆಯಾಗಿ ಜೊತೆಗಿಡಲು ಬರುತ್ತದೆ. ಟ್ರಾಫಿಕ್ ಫೈನ್ ನಿಮ್ಮ ಮೊಬೈಲ್‌ಗೆ ಬಂದಾಗಲೂ ಉಪಯೋಗ. ಹಾಗೇ ಫಾಸ್ಟ್ಯಾಗ್ ಕಿತ್ತು ಬ್ಯಾಂಕಿಗೆ ಹೇಳಿ ಮುಚ್ಚಿಸಿ, ಇಲ್ಲದಿದ್ದರೆ ಅವರ ಟೋಲ್ ನಿಮ್ಮ ಖಾತೆಯಿಂದ ಹೋಗುತ್ತಿರುತ್ತದೆ.

ಬಂದ ಕಾರು ಸೆಕೆಂಡ್ ಹ್ಯಾಂಡ್ ಆಗಿದ್ದರೆ

ಬಜೆಟ್ ಕಡಿಮೆ ಇರುವವರು ಹೆಚ್ಚಾಗಿ ಸೆಕೆಂಡ್ ಹ್ಯಾಂಡ್ ಕಾರನ್ನೇ ತಗೊಳ್ಳುತ್ತಾರೆ. ಗೊಂದಲ ಜಾಸ್ತಿ ಇರುವುದೂ ಇಲ್ಲೇ.

"ಇನ್ಶೂರೆನ್ಸ್ ಇನ್ನೂ ಎಂಟು ತಿಂಗಳು ಇದೆ, ಏನೂ ಮಾಡೋದು ಬೇಡ" ಎಂದು ಮಾರುವವರು ಹೇಳುತ್ತಾರೆ. ಅರ್ಧ ನಿಜ. ಮೋಟಾರು ವಾಹನ ಕಾಯ್ದೆಯ 157ನೇ ಸೆಕ್ಷನ್ ಪ್ರಕಾರ ಕಾರು ಕೈ ಬದಲಾದಾಗ ಥರ್ಡ್ ಪಾರ್ಟಿ ರಕ್ಷಣೆ ಕೊಂಡವರಿಗೆ ವರ್ಗವಾಯಿತು ಎಂದೇ ಲೆಕ್ಕ. ಆದರೆ ಓಡಿ ಭಾಗ ತಾನಾಗಿ ಬರುವುದಿಲ್ಲ. ಸುಪ್ರೀಂ ಕೋರ್ಟ್ ಇದನ್ನು 1990ರ ದಶಕದಲ್ಲೇ ಸ್ಪಷ್ಟ ಮಾಡಿದೆ. ಕೊಂಡವರು 14 ದಿನದೊಳಗೆ ಇನ್ಶೂರೆನ್ಸ್ ಕಂಪನಿಗೆ ಅರ್ಜಿ ಹಾಕಿ ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಅಲ್ಲಿಯವರೆಗೆ ನಿಮ್ಮ ಕಾರಿಗೆ ಗುದ್ದಿ ಬಂಪರ್ ಹೋದರೆ, ಕಾರು ಕಳುವಾದರೆ, ಪಾಲಿಸಿ ಇದ್ದೂ ಇಲ್ಲದ ಹಾಗೆ.

ವರ್ಗಾವಣೆಗೆ ಮಾರಾಟದ ಪುರಾವೆ, ಹೊಸ ಪ್ರಪೋಸಲ್ ಫಾರಂ, ಹಳೇ ಇನ್ಶೂರೆನ್ಸ್ ಸರ್ಟಿಫಿಕೇಟ್ ಮತ್ತು ಸಣ್ಣದೊಂದು ಶುಲ್ಕ ಸಾಕು. ಅದರ ಜೊತೆಗೆ ಎನ್‌ಸಿಬಿ ವ್ಯತ್ಯಾಸದ ಹಣ ಕಟ್ಟಬೇಕು. ಇಲ್ಲೊಂದು ಲೆಕ್ಕ ನೋಡಿ.

ಮಾರುವವರ ಪಾಲಿಸಿಯಲ್ಲಿ ಬೋನಸ್ ಕಳೆಯುವ ಮುಂಚೆ ಓಡಿ 8,000 ರೂಪಾಯಿ, ಅವರ ಎನ್‌ಸಿಬಿ 50 ಪರ್ಸೆಂಟ್, ಆರು ತಿಂಗಳು ಬಾಕಿ ಅಂದುಕೊಳ್ಳಿ. ನಿಮಗೆ ಯಾವ ಬೋನಸ್ಸೂ ಇಲ್ಲದಿದ್ದರೆ ವರ್ಷದ ವ್ಯತ್ಯಾಸ 4,000, ಅದರ ಅರ್ಧ 2,000, ಜಿಎಸ್‌ಟಿ 360, ಒಟ್ಟು 2,360. ಆದರೆ ನಿಮ್ಮ ಹತ್ತಿರ ಹಳೇ ಕಾರಿನ 35 ಪರ್ಸೆಂಟ್ ಸರ್ಟಿಫಿಕೇಟ್ ಇದ್ದರೆ ವ್ಯತ್ಯಾಸ ಬರೀ 15 ಪರ್ಸೆಂಟ್. ವರ್ಷಕ್ಕೆ 1,200, ಆರು ತಿಂಗಳಿಗೆ 600, ಜಿಎಸ್‌ಟಿ ಸೇರಿ 708. ಕೌಂಟರ್‌ನಲ್ಲಿ ಕೂತವರು ಸುಮಾರು ಸಲ ಪೂರ್ತಿ ಹಣವನ್ನೇ ಕೇಳುತ್ತಾರೆ. ಕೊಂಡವರ ಅರ್ಹತೆ ಕಳೆದು ಉಳಿದ ವ್ಯತ್ಯಾಸ ಮಾತ್ರ ವಸೂಲಿ ಮಾಡಬೇಕು ಎಂಬುದು ಟ್ಯಾರಿಫ್‌ನಲ್ಲೇ ಇದೆ. ಸರ್ಟಿಫಿಕೇಟ್ ಮುಂದಿಟ್ಟು ಕೇಳಿ.

ಇನ್ನೊಂದು ಸಂದರ್ಭ: ನೀವು ಕೊಂಡ ಕಾರಿಗೆ ಇನ್ನೂ ಮೂರು ವರ್ಷ ಆಗಿಲ್ಲ. ಥರ್ಡ್ ಪಾರ್ಟಿ ಮೂರು ವರ್ಷದ್ದೇ ಇದೆ, ಓಡಿ ಮುಗಿದಿದೆ ಅಥವಾ ಮುಗಿಯುತ್ತಿದೆ. ಆಗ ಪೂರ್ತಿ ಪ್ಯಾಕೇಜ್ ಪಾಲಿಸಿ ಬೇಕಿಲ್ಲ. ಥರ್ಡ್ ಪಾರ್ಟಿಯನ್ನು ನಿಮ್ಮ ಹೆಸರಿಗೆ ಮಾಡಿಸಿ, ಓಡಿ ಮಾತ್ರ ಬೇರೆಯಾಗಿ ತಗೊಳ್ಳಿ, ನಿಮ್ಮ ಎನ್‌ಸಿಬಿ ಹಾಕಿಸಿ. 2019ರ ಸೆಪ್ಟೆಂಬರ್‌ನಿಂದ ಬರೀ ಓಡಿ ಪಾಲಿಸಿ ಸಿಗುತ್ತಿದೆ, ಬೇರೆ ಕಂಪನಿಯದ್ದೂ ಆಗುತ್ತದೆ. ಇದು ತಿಳಿಯದೆ 1200 ಸಿಸಿ ಕಾರಿಗೆ 3,416 ರೂಪಾಯಿಯ ಥರ್ಡ್ ಪಾರ್ಟಿಯನ್ನು ಎರಡನೇ ಸಲ ಕಟ್ಟಿದವರು ಇದ್ದಾರೆ.

ಪಾಲಿಸಿ ಪೂರ್ತಿ ಮುಗಿದುಹೋಗಿರುವ ಕಾರಾದರೆ ಕಂಪನಿ ಇನ್‌ಸ್ಪೆಕ್ಷನ್ ಕೇಳುತ್ತದೆ. ಈಗ ಮೊಬೈಲ್‌ನಲ್ಲೇ ವಿಡಿಯೋ ಮಾಡಿ ಕಳಿಸಬಹುದು. ಹಗಲು ಬೆಳಕಲ್ಲಿ ಮಾಡಿ. ಕಾರು ತೊಳೆದಿರಲಿ. ನಾಲ್ಕು ಮೂಲೆ, ಗಾಜು, ಚಾಸಿಸ್ ನಂಬರ್, ಓಡೋಮೀಟರ್ ಸ್ಪಷ್ಟವಾಗಿ ಕಾಣಬೇಕು. ಹಳೇ ಗೀರು, ತಗ್ಗು ಮುಚ್ಚಿಡಬೇಡಿ. ದಾಖಲೆಯಾದ ಹಳೇ ಡ್ಯಾಮೇಜ್‌ಗೆ ಕ್ಲೇಮ್ ಸಿಗುವುದಿಲ್ಲ, ಅಷ್ಟೇ. ಮುಚ್ಚಿಟ್ಟು ಆಮೇಲೆ ಸರ್ವೇಯರ್ ಕಣ್ಣಿಗೆ ಬಿದ್ದರೆ ಉಳಿದದ್ದಕ್ಕೂ ಅನುಮಾನ ಬರುತ್ತದೆ. ಆ ಕಾರನ್ನು ಮನೆಗೆ ಓಡಿಸಿಕೊಂಡು ಬರುವ ಮುಂಚೆಯೇ ಪಾಲಿಸಿ ಆಗಿರಬೇಕು. ಇನ್ಶೂರೆನ್ಸ್ ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ, ಮತ್ತೆ ಸಿಕ್ಕಿದರೆ 4,000 ದಂಡ, ಮೂರು ತಿಂಗಳವರೆಗೆ ಜೈಲೂ ಆಗಬಹುದು.

ಕಾರಿಗೆ ಹೊರಗಡೆ ಸಿಎನ್‌ಜಿ ಅಥವಾ ಎಲ್‌ಪಿಜಿ ಕಿಟ್ ಹಾಕಿಸಿದ್ದಾರಾ ಅಂತಲೂ ನೋಡಿ. ಆರ್‌ಸಿಯಲ್ಲಿ ಮತ್ತು ಪಾಲಿಸಿಯಲ್ಲಿ ಎರಡೂ ಕಡೆ ನಮೂದಾಗಿರಬೇಕು.

ಶೋರೂಂ ಕಾರಾದರೆ

ಇಲ್ಲಿ ಹೇಳುವುದು ಸ್ವಲ್ಪವೇ. ಶೋರೂಂನವರ ಪಾಲಿಸಿಯನ್ನೇ ತಗೊಳ್ಳಬೇಕು ಎಂಬ ಕಡ್ಡಾಯ ಇಲ್ಲ. ಅವರ ಕೊಟೇಶನ್‌ನಲ್ಲಿ ಎನ್‌ಸಿಬಿ ಕಾಲಂ ಸೊನ್ನೆ ಇರುತ್ತದೆ, ನೀವು ಕೇಳುವ ತನಕ. ಹಾಗಾಗಿ ಬುಕ್ ಮಾಡುವ ದಿನವೇ "ಎನ್‌ಸಿಬಿ ಸರ್ಟಿಫಿಕೇಟ್ ತರುತ್ತೇನೆ" ಎಂದು ಹೇಳಿಬಿಡಿ. ಹೊಸ ಕಾರಿನ ಓಡಿ ದೊಡ್ಡದು, ಆದ್ದರಿಂದ 45 ಅಥವಾ 50 ಪರ್ಸೆಂಟ್ ಅಂದರೆ ದೊಡ್ಡ ಮೊತ್ತವೇ. ಹಳೇ ಕಾರು ಮಾರಾಟವಾಗದೆ ಸರ್ಟಿಫಿಕೇಟ್ ಸಿಗುವುದಿಲ್ಲ ಎಂಬುದು ನೆನಪಿರಲಿ. ಮಾರಾಟ ಮೊದಲು, ಡೆಲಿವರಿ ಆಮೇಲೆ.

ಒಂದು ಕಾರಿನ ಲೆಕ್ಕ

ಆರು ವರ್ಷ ಹಳೆಯ 1197 ಸಿಸಿ ಪೆಟ್ರೋಲ್ ಕಾರು. ಐಡಿವಿ, ಅಂದರೆ ಕಾರು ಪೂರ್ತಿ ಹೋದರೆ ಕಂಪನಿ ಕೊಡುವ ಗರಿಷ್ಠ ಮೊತ್ತ, 3,50,000. ಓಡಿ ದರ ಅದರ 2 ಪರ್ಸೆಂಟ್ ಅಂದುಕೊಂಡರೆ 7,000. ಥರ್ಡ್ ಪಾರ್ಟಿ 3,416. ಮಾಲೀಕ-ಚಾಲಕರ ಅಪಘಾತ ವಿಮೆಗೆ 300 ಎಂದು ಇಟ್ಟುಕೊಳ್ಳೋಣ. ಜಿಎಸ್‌ಟಿ 18 ಪರ್ಸೆಂಟ್.

ಎನ್‌ಸಿಬಿ ಇಲ್ಲದೆ: 7,000 + 3,416 + 300 = 10,716. ಜಿಎಸ್‌ಟಿ ಸೇರಿ 12,645.

45 ಪರ್ಸೆಂಟ್ ಎನ್‌ಸಿಬಿ ಜೊತೆ: 3,850 + 3,416 + 300 = 7,566. ಜಿಎಸ್‌ಟಿ ಸೇರಿ 8,928.

ಬರೀ ಥರ್ಡ್ ಪಾರ್ಟಿ ಮತ್ತು ಅಪಘಾತ ವಿಮೆ: 3,716. ಜಿಎಸ್‌ಟಿ ಸೇರಿ 4,385.

ಒಂದು ಕಾಗದದಿಂದ 3,717 ರೂಪಾಯಿ ಉಳಿಯಿತು. ಓಡಿ ತೆಗೆದುಹಾಕಿದರೆ ಇನ್ನೂ 4,543 ಉಳಿಯುತ್ತದೆ ನಿಜ. ಆದರೆ ಅದಕ್ಕೆ ಬದಲಾಗಿ ಮೂರೂವರೆ ಲಕ್ಷದ ಹೊಣೆ ನಿಮ್ಮ ತಲೆ ಮೇಲೆ ಬರುತ್ತದೆ.

ಎಲ್ಲಿ ಕತ್ತರಿಸಬಹುದು, ಎಲ್ಲಿ ಬೇಡ

ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆ ಕಡ್ಡಾಯ, 15 ಲಕ್ಷದ್ದು. ಆದರೆ ಅದು ವ್ಯಕ್ತಿಗೆ. ಎರಡು ಗಾಡಿ ಇದ್ದರೂ ಒಂದೇ ಸಾಕು. ನಿಮ್ಮ ಬೈಕಿನ ಜೊತೆಗೋ ಬೇರೆಯಾಗಿಯೋ 15 ಲಕ್ಷಕ್ಕೆ ಈಗಾಗಲೇ ಇದ್ದರೆ ಅದನ್ನು ತಿಳಿಸಿ ಇಲ್ಲಿ ತೆಗೆಸಿ. ಸುಳ್ಳು ಹೇಳಿ ತೆಗೆಸಬೇಡಿ. ಮನೆಯ ದುಡಿಯುವ ಕೈಗೆ ಇರುವ ರಕ್ಷಣೆ ಅದು.

ಆಡ್-ಆನ್‌ಗಳ, ಅಂದರೆ ಹೆಚ್ಚುವರಿ ದುಡ್ಡಿಗೆ ಸಿಗುವ ರಕ್ಷಣೆಗಳ ಪಟ್ಟಿ ಉದ್ದ ಇರುತ್ತದೆ. ಕೀಲಿ ಕಳೆದರೆ, ಬ್ಯಾಗ್ ಕಳೆದರೆ, ಗ್ಯಾರೇಜ್‌ನಲ್ಲಿದ್ದ ದಿನಗಳ ಭತ್ಯೆ, ಇವನ್ನೆಲ್ಲ ಧೈರ್ಯವಾಗಿ ತೆಗೆಯಿರಿ. ಎಂಜಿನ್ ಪ್ರೊಟೆಕ್ಷನ್ ಮಾತ್ರ ನೀವು ಓಡಾಡುವ ಊರು ನೋಡಿ ತೀರ್ಮಾನಿಸಿ. ಬೆಂಗಳೂರಿನ ಅಂಡರ್‌ಪಾಸ್‌ಗಳಲ್ಲಿ, ಕರಾವಳಿಯ ಮಳೆಯಲ್ಲಿ ಎಂಜಿನ್‌ಗೆ ನೀರು ಹೋದರೆ ಸಾಮಾನ್ಯ ಪಾಲಿಸಿಯಲ್ಲಿ ಆ ಖರ್ಚು ಸಿಗುವುದು ಕಷ್ಟ.

ಝೀರೋ ಡೆಪ್, ಅಂದರೆ ಸವಕಳಿ ಕಳೆಯದೆ ಕ್ಲೇಮ್ ಕೊಡುವ ಆಡ್-ಆನ್ ಬೇಕಾ? ಇಲ್ಲದಿದ್ದರೆ ಏನಾಗುತ್ತದೆ ನೋಡಿ. ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿ, ಟೈರ್‌ಗೆ ಸವಕಳಿ 50 ಪರ್ಸೆಂಟ್ ಕಳೆಯುತ್ತಾರೆ. ಗಾಜಿಗೆ ಸವಕಳಿ ಇಲ್ಲ. ಲೋಹದ ಭಾಗಕ್ಕೆ ಕಾರಿನ ವಯಸ್ಸಿನ ಲೆಕ್ಕ: ಐದರಿಂದ ಹತ್ತು ವರ್ಷದ ಕಾರಿಗೆ 40 ಪರ್ಸೆಂಟ್. 8,000 ರೂಪಾಯಿ ಬಂಪರ್ ಹೋದರೆ ಕಂಪನಿ ಲೆಕ್ಕಕ್ಕೆ ಹಿಡಿಯುವುದು 4,000, ಅದರಲ್ಲಿ ಕಡ್ಡಾಯ ಕಡಿತ 1,000 ಹೋಗಿ ಕೈಗೆ 3,000. ಮೇಲಿನ ಉದಾಹರಣೆಯ ಕಾರಿಗೆ ಈ 3,000 ತಗೊಂಡರೆ ಮುಂದಿನ ವರ್ಷ ಬೋನಸ್ ಸೊನ್ನೆ, ನಷ್ಟ 3,717ಕ್ಕೂ ಮೇಲೆ. ಅಂಥ ಸಣ್ಣ ಕ್ಲೇಮ್ ಮಾಡದಿರುವುದೇ ಲೇಸು. ಹೀಗೆ ನೋಡಿದರೆ ಹಳೇ ಕಾರಿಗೆ ಝೀರೋ ಡೆಪ್ ಅಷ್ಟೇನೂ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ. ಐದು ವರ್ಷ ದಾಟಿದ ಕಾರಿಗೆ ಅನೇಕ ಕಂಪನಿಗಳು ಅದನ್ನು ಕೊಡುವುದೂ ಇಲ್ಲ.

ಐಡಿವಿ ಇಳಿಸಿ ಪ್ರೀಮಿಯಂ ಕಡಿಮೆ ತೋರಿಸುವುದು ಹಳೇ ಚಮತ್ಕಾರ. 50,000 ಇಳಿಸಿದರೆ ಓಡಿ 1,000 ಇಳಿಯುತ್ತದೆ. 45 ಪರ್ಸೆಂಟ್ ಬೋನಸ್ ಇದ್ದವರಿಗೆ ಬರೀ 550. ಅಷ್ಟಕ್ಕಾಗಿ ಕಾರು ಕಳುವಾದ ದಿನ 50,000 ಬಿಟ್ಟುಕೊಡಬೇಕು. ರೇಟು ಹೋಲಿಸುವಾಗ ಎಲ್ಲ ಕಂಪನಿಯಲ್ಲೂ ಒಂದೇ ಐಡಿವಿ ಹಾಕಿ ಕೇಳಿ. ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ.

ವಾಲಂಟರಿ ಡಿಡಕ್ಟಿಬಲ್ ಎಂದರೆ ಕ್ಲೇಮ್‌ನಲ್ಲಿ ಇಂತಿಷ್ಟು ನಾನೇ ಹಾಕುತ್ತೇನೆ ಎಂದು ಮೊದಲೇ ಒಪ್ಪಿ ರಿಯಾಯಿತಿ ಪಡೆಯುವುದು. ಹಳೇ ಟ್ಯಾರಿಫ್‌ನಲ್ಲಿ 2,500ಕ್ಕೆ ಓಡಿಯ 20 ಪರ್ಸೆಂಟ್, ಹೆಚ್ಚೆಂದರೆ 750 ರೂಪಾಯಿ. 15,000ಕ್ಕೆ 35 ಪರ್ಸೆಂಟ್, ಹೆಚ್ಚೆಂದರೆ 2,500. ಸಣ್ಣ ಕ್ಲೇಮ್ ಹೇಗೂ ಮಾಡುವುದಿಲ್ಲ ಎನ್ನುವವರಿಗೆ 2,500ರದ್ದು ಸರಿ. 15,000ದ್ದು ಬೇಡ. ಕೈ ಖಾಲಿ ಇರುವ ದಿನವೇ ಅಪಘಾತವಾದರೆ ಗ್ಯಾರೇಜ್‌ನಿಂದ ಕಾರು ಬಿಡಿಸಿಕೊಳ್ಳಲು ಆಗಬೇಕಲ್ವಾ?

ತಿಂಗಳಿಗೆ ನಾಲ್ಕು ಸಲ ಹೊರತೆಗೆಯುವ ಕಾರಾದರೆ, ಓಡಿದಷ್ಟು ಕಿಲೋಮೀಟರ್‌ಗೆ ಮಾತ್ರ ಓಡಿ ಪ್ರೀಮಿಯಂ ಕಟ್ಟುವ ಪ್ಲಾನ್‌ಗಳನ್ನು ವಿಚಾರಿಸಿ. 2022ರಲ್ಲಿ ಐಆರ್‌ಡಿಎಐ ಅನುಮತಿ ಕೊಟ್ಟಿದೆ.

ಹಾಗಾದರೆ ಬರೀ ಥರ್ಡ್ ಪಾರ್ಟಿ ಯಾರಿಗೆ?

ಸಾಲದ ಕಾರಾದರೆ ಈ ಪ್ರಶ್ನೆಯೇ ಇಲ್ಲ, ಬ್ಯಾಂಕ್ ಫುಲ್ ಇನ್ಶೂರೆನ್ಸ್ ಕೇಳುತ್ತದೆ. ಸ್ವಂತ ದುಡ್ಡಿನ ಕಾರಾದರೆ ಒಂದೇ ಪ್ರಶ್ನೆ: ನಾಳೆ ಬೆಳಗ್ಗೆ ಕಾರು ಇಲ್ಲ ಎಂದಾದರೆ ಇನ್ನೊಂದು ತಗೊಳ್ಳಲು ಆಗುತ್ತದಾ? ಒಂದು ಲಕ್ಷದ ಒಳಗಿನ ಹಳೇ ಕಾರು, ಹೋದರೆ ಬಸ್ಸಿನಲ್ಲಿ ಓಡಾಡುತ್ತೇನೆ ಎನ್ನುವವರಿಗೆ ಥರ್ಡ್ ಪಾರ್ಟಿ ಸಾಕು. ಇದ್ದಬದ್ದ ಉಳಿತಾಯವನ್ನೆಲ್ಲ ಹಾಕಿ ಮೂರು ಲಕ್ಷದ ಕಾರು ತಂದವರಿಗೆ ಸಾಲದು.

ಥರ್ಡ್ ಪಾರ್ಟಿ ಮಾತ್ರ ತಗೊಂಡರೂ ಎನ್‌ಸಿಬಿ ಸರ್ಟಿಫಿಕೇಟ್ ಪಡೆದು ಇಟ್ಟುಕೊಳ್ಳಿ. ಮೂರು ವರ್ಷದೊಳಗೆ ಓಡಿ ಇರುವ ಪಾಲಿಸಿಗೆ ಬದಲಾದರೆ ಉಪಯೋಗಕ್ಕೆ ಬರುತ್ತದೆ.

ದುಡ್ಡು ಕಟ್ಟುವ ದಿನ

ಪ್ರೀಮಿಯಂ ಕಂಪನಿಗೆ ಸೇರುವ ತನಕ ರಕ್ಷಣೆ ಶುರುವಾಗುವುದಿಲ್ಲ. ವಿಮಾ ಕಾಯ್ದೆಯಲ್ಲೇ ಹಾಗಿದೆ. ಏಜೆಂಟ್ ಕೈಗೆ ನಗದು ಕೊಟ್ಟು "ಆಯ್ತು ಬಿಡಿ" ಎಂದು ಕಾರು ಹತ್ತಬೇಡಿ. ಕಂಪನಿಯ ವೆಬ್‌ಸೈಟ್ ಅಥವಾ ಲಿಂಕ್‌ನಲ್ಲೇ ಕಟ್ಟಿ. ಪಾಲಿಸಿ ಶುರುವಾಗುವ ಗಂಟೆಯನ್ನೂ ನೋಡಿ. ಎಷ್ಟೋ ಪಾಲಿಸಿಗಳು ಮಧ್ಯರಾತ್ರಿಯಿಂದ ಶುರುವಾಗುತ್ತವೆ, ನೀವು ಕಾರು ತರುವುದು ಸಂಜೆ.

ಪಾಲಿಸಿ ಬಂದ ಕೂಡಲೇ ಆರ್‌ಸಿ ಪಕ್ಕದಲ್ಲಿಟ್ಟುಕೊಂಡು ತಾಳೆ ನೋಡಿ: ಹೆಸರಿನ ಸ್ಪೆಲ್ಲಿಂಗ್, ಎಂಜಿನ್ ನಂಬರ್, ಚಾಸಿಸ್ ನಂಬರ್, ಇಂಧನ, ತಯಾರಾದ ವರ್ಷ, ಎನ್‌ಸಿಬಿ ಪರ್ಸೆಂಟ್. ತಪ್ಪಿದ್ದರೆ ಅವತ್ತೇ ಎಂಡಾರ್ಸ್‌ಮೆಂಟ್ ಕೇಳಿ. ಕೆಲವು ದಿನ ಬಿಟ್ಟು ವಾಹನ್ ಪೋರ್ಟಲ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ. ಹೊಸ ಪಾಲಿಸಿ ಅಲ್ಲಿ ಕಾಣಿಸಬೇಕು. ಕಾಣದಿದ್ದರೆ ಕಂಪನಿಗೆ ಬರೆದು ಕೇಳಿ. ನಕಲಿ ಪಾಲಿಸಿ ಇದ್ದರೆ ಪತ್ತೆಯಾಗುವುದೂ ಇಲ್ಲೇ.

ಕಂಪನಿ ಎನ್‌ಸಿಬಿ ಸರ್ಟಿಫಿಕೇಟ್ ಕೊಡಲು ಸತಾಯಿಸಿದರೆ, ರಿಫಂಡ್ ತಡ ಮಾಡಿದರೆ, ಮೊದಲು ಅವರ ದೂರು ವಿಭಾಗಕ್ಕೆ ಈಮೇಲ್ ಮಾಡಿ. ಆಮೇಲೆ ಐಆರ್‌ಡಿಎಐಯ ಬಿಮಾ ಭರೋಸಾ ಪೋರ್ಟಲ್, ಅಥವಾ 155255ಕ್ಕೆ ಫೋನ್. ಒಂದು ತಿಂಗಳಾದರೂ ಉತ್ತರವಿಲ್ಲದಿದ್ದರೆ, ಅಥವಾ ಬಂದ ಉತ್ತರ ಸರಿ ಕಾಣದಿದ್ದರೆ, ವಿಮೆಯ ದೂರುಗಳನ್ನು ತೀರ್ಮಾನಿಸುವ ವಿಮಾ ಒಂಬುಡ್ಸ್‌ಮನ್‌ಗೆ ಹೋಗಬಹುದು. ಕರ್ನಾಟಕದವರಿಗೆ ಆ ಕಚೇರಿ ಬೆಂಗಳೂರಿನಲ್ಲಿದೆ. ವಕೀಲರು ಬೇಡ, ಶುಲ್ಕವೂ ಇಲ್ಲ. ಅರ್ಜಿಯ ಜೊತೆ ನೀವು ಕಳಿಸಿದ ಈಮೇಲ್‌ಗಳ ಪ್ರತಿ ಮತ್ತು ಆ ಡೆಲಿವರಿ ನೋಟ್ ಲಗತ್ತಿಸಿ.